ಒಂದು ಖಾಲಿ ಐತವಾರ

ಸರಕಾರ ಕೇಳಿರಲಿಲ್ಲ, ಕೋರ್ಟು ಕೇಳಿರಲಿಲ್ಲ.
ಶಾಲ್ಮಲಾ ಡಾಕ್ಟರು ತಾವಾಗೇ ಅರ್ಜಿ ಹಾಕಿದರು:
ಬರ್ರಿ, ನಮ್ಮ ಇಲಿಮನಿ ನೋಡ್ರಿ,
ತಪ್ಪಿದ್ದರ ತಪ್ಪಂತ ಬರೀರಿ.
ಹಾದ್ಯಾಗ ಹೊಂಟ ಮಾರೀನ ಮನಿಗೆ ಕರದಂಗಾತು,
ಅಂದ್ರು ಪ್ರಿನ್ಸಿಪಾಲರು. ಡಾಕ್ಟರು ನಕ್ಕರು.
ನಾ ನಗಲಿಲ್ಲ. ಹದಿನಾಕು ವರ್ಷಾತು,
ಇಲಿಮನಿ ಕೀಲಿ ನನ್ನ ಕಿಸೇದಾಗ ಐತಿ.

ನಾ ರಾಜೇಸಾಬ ನದಾಫ.
ಅಪ್ಪ ಗಣೇಶಪೇಟ್ಯಾಗ ಗಾದಿ ತುಂಬತಿದ್ದ.
ಬಿಲ್ಲಿನ ಹೆದೆ ಟೊಂಯ್ ಅಂದ್ರ
ಗಂಟುಬಿದ್ದ ಹತ್ತಿ ಮೋಡಾಗಿ ಏಳತಿತ್ತು.
ಮಲಗೋರ ಬೆನ್ನು ನೆನಸಿ ಹಿಂಜಬೇಕೋ, ಅಂತಿದ್ದ.
ಫೋಮು ಬಂತು. ಬಿಲ್ಲು ಅಟ್ಟಕ್ಕೇರಿತು.
ನಾ ವಿದ್ಯಾನಗರದ ಈ ಔಷಧಿ ಕಾಲೇಜಿನೊಳಗ
ಬಿಳಿ ಇಲಿಗಳಿಗೆ ಹಾಸಗಿ ಹಾಸಾಕ ನಿಂತೆ.
ಗುರುವಾರಕ್ಕೊಮ್ಮೆ ಡಬ್ಬಿ ಮ್ಯಾಲಿನ ಮಾಳಿಗಿಗೆ ಹೋಗತಾವು,
ಖಾಲಿ ಬರತಾವು. ಏನಾತಂತ ನಾ ಕೇಳೂದಿಲ್ಲ.
ತೊಳೀತೀನಿ. ಬಿಸಲಿಗೆ ಬೋರಲ ಹಾಕತೀನಿ.

ಬಂದವರು ಇಬ್ಬರು.
ಒಬ್ಬಾಕಿ ವಯಸ್ಸಾದ ಬಾಯಿ, ಮೊಣಕಾಲೂರಿ
ನೀರಿನ ನಳಗಿ ಬಟ್ಟಿಲೆ ಒತ್ತಿ ನೋಡಿದಳು,
ಹನಿ ಬರೂತನಾ ಕಾದಳು.
ಆಮ್ಯಾಲೆ ಕೇಳಿದಳು:
ಬಾಜೂ ಮದವಿ ಮಂಟಪದ ಬ್ಯಾಂಡು
ರಾತ್ರಿ ಎಷ್ಟೊತ್ತನಕ ಹೊಡೀತಾರಪ?
ಹದಿನಾಕು ವರ್ಷದಾಗ ಯಾರೂ ಕೇಳಿರಲಿಲ್ಲ.
ಅಂಥದ್ದೊಂದು ರಾತ್ರಿ, ಹಡದ ತಾಯಿ
ತನ್ನ ಮರೀನ ತಾನ ತಿಂದದ್ದು
ನಾ ಯಾರ ಮುಂದೂ ಹೇಳಿರಲಿಲ್ಲ. ಹೇಳಿದೆ.

ಆಮ್ಯಾಲೆ ಪುಸ್ತಕ ತಗದರು.
ದಿನಾ ಸೆಕೆ ಎಷ್ಟು, ನೀರು ಎಷ್ಟು, ಸತ್ತದ್ದೆಷ್ಟು.
ಐತವಾರ ಇಪ್ಪತ್ತೆರಡು. ಮತ್ತ ಐತವಾರ ಇಪ್ಪತ್ತೆರಡು.
ಹುಬ್ಬಳ್ಳಿ ಬ್ಯಾಸಗಿ ಒಳಗ ಕಾಲಿಟ್ಟಿಲ್ಲ ಅನ್ನೂವಂಗ.
ಏಪ್ರಿಲದಾಗ ಒಂದ ಸಾಲು ಖಾಲಿ.
ಬಟ್ಟು ಅಲ್ಲಿ ನಿಂತಿತು.
ಇದೊಂದು ಐತವಾರ ಯಾಕ ಬರದಿಲ್ಲ?

ಅವತ್ತ ನಾ ಬಂದಿದ್ದೆರಿ, ಬಾಯಾರ.

ಉಣಕಲ್ಲಿಗೆ ಬೀಗರ ಮನಿಗೆ ಹೊಂಟಿದ್ದೆ.
ಬಸ್ಸಿನ್ಯಾಗ ಯಾರೋ ಅಂದ್ರು,
ಮುಂಜಾನಿಂದ ಈ ಕಡೆ ಕರೆಂಟಿಲ್ಲ.
ಕಿಸೇದಾಗಿನ ಕೀಲಿ ತೊಡಿಗೆ ಚುಚ್ಚಿತು.
ಜನರೇಟರಿಗೆ ಡೀಜಲ್ ಇರಲಿಲ್ಲ.
ಬಾಗಲ ತಗದ್ರ ಒಲಿಯೊಳಗಿನ ಗಾಳಿ, ಮೂವತ್ತಾರು.
ಹೊಟ್ಟಿ ನೆಲಕ್ಕ ಹಚ್ಚಿ, ಬಾಲ ಚಾಚಿ,
ಒದ್ದಿ ಅರಿವಿಯಂಗ ಬಿದ್ದಿದ್ದುವು.
ಡಬ್ಬಿ ಡಬ್ಬಿ ಹೊತ್ತು ಮೆಟ್ಟಲ ನೆಳ್ಳಿಗೆ ತಂದೆ.
ಗೋಣಿಚೀಲ ತೋಯಿಸಿ ಸುತ್ತ ಕಟ್ಟಿದೆ.
ಮೊಲದ ಕಿವಿಗೆ ನನ್ನ ಟವೆಲ್ಲು ಹಿಂಡಿದೆ.
ಹೊತ್ತು ಮುಣಗೂದ್ರಾಗ ನಾಕು ಹೋದುವು.
ಸೋಮವಾರ ಪೆನ್ನು ಹಿಡದ್ರ
ಇಪ್ಪತ್ತೆರಡು ಬರಿಯಾಕ ಮನಸು ಬರಲಿಲ್ಲ,
ಮೂವತ್ತಾರು ಬರಿಯಾಕ ಧೈರ್ಯ ಬರಲಿಲ್ಲ.

ಹಂಗಾರ ಉಳಿದ ಐತವಾರ?
ಅವು ಮನ್ಯಾಗಿದ್ದ ಐತವಾರ, ಬಾಯಾರ. ಬರದದ್ದು ಸೋಮವಾರ.
ಆಕಿ ಕನ್ನಡಕ ತಗದು ಒರಿಸಿಕೊಂಡಳು. ಬೈಯಲಿಲ್ಲ.
ಶಾಲ್ಮಲಾ ಡಾಕ್ಟರು ನೆಲಾ ನೋಡಾಕ ಹತ್ತಿದ್ದರು.

ಪತ್ರ ಬಂತು: ಈಗ ಮನ್ನಣೆ ಇಲ್ಲ,
ಆರು ತಿಂಗಳ ಮ್ಯಾಲೆ ಮತ್ತ ಬರತೀವಿ.
ನಾ ಹೇಳಿದ್ನಿಲ್ಲೋ, ಅಂದ್ರು ಪ್ರಿನ್ಸಿಪಾಲರು.
ಡಾಕ್ಟರು ಮಾತ್ರ ಆ ಪತ್ರದ ತಪ್ಪಿನ ಪಟ್ಟಿ ಹಿಡಕೊಂಡು
ಆಫೀಸಿನ ಬಾಗಲಿಗೆ ಎಂಟು ಸಲ ಹೋದರು.
ಡೀಜಲ್ ಬಂತು. ಐತವಾರಕ್ಕ ಪಗಾರ ಬಂತು.
ಗೂಡು ಕಟ್ಟಾಕ ಏನರ ಕೊಡ್ರಿ ಅಂತ ಬರದಿತ್ತು;
ನಾ ಮನಿಯಿಂದ ಹತ್ತಿ ತಂದೆ, ಚೊಲೋ ಹಿಂಜಿದ್ದು.
ಹತ್ತಿ ಬ್ಯಾಡ ರಾಜೇಸಾಬ, ಎಳಿ ಕಾಲಿಗೆ ಸುತ್ತತೈತಿ,
ಕಾಗದ ಹರದು ಹಾಕು ಅಂದ್ರು.
ನದಾಫನ ಮಗಗ!

ಹಂಗಾರ ಆ ಹಳೇ ಪುಸ್ತಕಾನ ಹರೀಲೇನ್ರಿ, ಅಂದೆ.
ಸುಳ್ಳಿನ ಐತವಾರದಾಗ ಮರಿ ಮಲಗಲಿ.
ಬ್ಯಾಡ, ಅಂದ್ರು. ಸುಳ್ಳು ಸುಳ್ಳಾಗೇ ಇರಲಿ ಕಪಾಟಿನ್ಯಾಗ.
ಅವರು ಮತ್ತ ಬಂದಾಗ ಕೇಳತಾರ.

ಇವತ್ತ ಐತವಾರ.
ಮೂಲ್ಯಾಗಿನ ಡಬ್ಬ್ಯಾಗ ಬಸರಿ ಇಲಿ
ಬಿಳಿ ಕಾಗದ ಬಾಯಾಗ ಹಿಡದು ಎಳ್ಳಾಕ ಹತ್ತೈತಿ,
ಅಪ್ಪನಂಗ, ಗಡಿಬಿಡಿ ಇಲ್ಲದ.
ಗೋಡಿ ಮ್ಯಾಲೆ ಇಪ್ಪತ್ತೈದು.
ಒಂದೀಟು ಜಾಸ್ತಿನ. ಜಾಸ್ತಿ ಅಂತನ ಬರದೆ.
ಮಂಟಪದ ಕಡಿಂದ ಬ್ಯಾಂಡು ಸುರುವಾತು.
ಅದನ್ನೂ ಬರದೆ: ಹತ್ತೂ ಇಪ್ಪತ್ತಕ್ಕ.