ತೊಗಲು ಹೆರೆಯುವವನು

ಸುಣ್ಣದ ತೊಟ್ಟಿಯಲ್ಲಿ ಎಂಟು ದಿನ ನೆನೆದ ಕರುವಿನ ತೊಗಲು
ರೋಮ ಬಿಡುತ್ತದೆ, ವಾಸನೆ ಬಿಡುವುದಿಲ್ಲ.
ನನ್ನ ಕೈಗೂ ಅದೇ ವಾಸನೆ.
ಪ್ರಾರ್ಥನೆಗೆ ಜೋಡಿಸಿದರೆ ನೇರ ಮೂಗಿಗೇ ಬರುತ್ತದೆ.

ಮ್ಯೂಸ್ ನದಿಯ ದಂಡೆಯ ಈ ಮಠದಲ್ಲಿ
ನಾನು ಓದು ಬಾರದ ಸೋದರ.
ಗುರು ಗೆರ್ಲಾಕ್ ಬರೆಯುತ್ತಾರೆ, ನಾನು ಹಾಳೆ ಮಾಡುತ್ತೇನೆ.
ದೇವದೂತರಿಗೆ ತೂಕವಿಲ್ಲವೆಂದು ಬರೆಯಲು
ಅವರಿಗೆ ಮೂರು ಕರು ಬೇಕಾಯಿತು.
ಅವುಗಳ ತೂಕ ನನಗೆ ಗೊತ್ತು, ಹೊತ್ತವನು ನಾನು.

ಆದರೂ ಒಳ್ಳೆಯವರು.
ಚಳಿಗೆ ಮಸಿ ಹೆಪ್ಪುಗಟ್ಟಿದರೆ ದೌತಿಯನ್ನು
ಕಂಕುಳಲ್ಲಿಟ್ಟು ಕೂರುವರು, ಕಾವಿಗೆ ಕೂತ ಕೋಳಿಯ ಹಾಗೆ.
ತಪಸ್ಸುಕಾಲದಲ್ಲಿ ಹೆರಿಂಗ್ ಮೀನಿನ ಮುಳ್ಳುಗಳನ್ನು
ತಟ್ಟೆಯಂಚಿಗೆ ಸಾಲಾಗಿ ಜೋಡಿಸಿ
'ಇಷ್ಟೂ ಬೇಕಿತ್ತೇ ದೇವರಿಗೆ?' ಅಂದರು ಒಮ್ಮೆ.
ಮೀನಿಗೆ ಬೇಕಿತ್ತಲ್ಲ ಗುರುವೇ, ಅಂದೆ.
ಅವರು ನಕ್ಕದ್ದು ಗೋಪುರದಲ್ಲಿ ಗಂಟೆ ಹೊಡೆಯುವವನಿಗೂ ಕೇಳಿಸಿತು.

ಮಾಗಿಯಲ್ಲಿ ಅಕ್ಕ ಓಡಾ ಹೆತ್ತಳು.
ಕೂಸು ಒಮ್ಮೆ ಬಾಯಿ ತೆರೆಯಿತು, ಅಳಲಿಲ್ಲ.
ಸೂಲಗಿತ್ತಿ ನೀರಿಗೆ ಓಡಿದಳು,
ಬಾನಿಯ ನೀರು ಕಲ್ಲಾಗಿತ್ತು.
ಕೊಡಲಿ ತಂದು ಒಡೆಯುವಷ್ಟರಲ್ಲಿ
ಇನ್ನು ಒಡೆದು ಪ್ರಯೋಜನವಿರಲಿಲ್ಲ.
ಜ್ಞಾನಸ್ನಾನವಿಲ್ಲ. ಹೆಸರಿಲ್ಲ.
ಚರ್ಚಿನ ಗೋಡೆಯಾಚೆ ತುರಿಕೆ ಗಿಡಗಳು ಒಣಗಿ ನಿಂತಲ್ಲಿ
ಭಾವ ಗುಂಡಿ ತೋಡಿದ. ಒಂದು ಮೊಳದ ಗುಂಡಿಗೆ
ಅರ್ಧ ದಿನ ಹಿಡಿಯಿತು, ನೆಲ ಹಾಗಿತ್ತು.

ಮರುದಿನ ಹಾಳೆ ಒಪ್ಪಿಸಲು ಹೋದವನು
ಬಾಗಿಲಲ್ಲೇ ನಿಂತು ಕೇಳಿದೆ: ಅದು ಈಗ ಎಲ್ಲಿದೆ?
ಗುರು ಕಪಾಟಿನ ಕಡೆ ನೋಡಿದರು.
ಒಮ್ಮೆ ಬಾಯಿ ತೆರೆದರು.

ಮೂರು ರಾತ್ರಿ ಅವರ ಕೋಣೆಯಲ್ಲಿ ದೀಪ.
ಮೇಣ ಹಾಳೆಂದು ಉಗ್ರಾಣದವನು ಗೊಣಗಿದ.
ನಾಲ್ಕನೆಯ ದಿನ ಎರಡು ಪುಟ ಬಿಚ್ಚಿ ತಂದು
'ಇವನ್ನು ಹೆರೆದು ಕೊಡು' ಅಂದರು.
ತಪ್ಪು ಬರೆದಿದ್ದಿರೇ?
'ತಪ್ಪೋ ಏನೋ. ಸರಿಯೆಂದು ಬರೆದಾಗ
ನಾನು ಬೆಚ್ಚಗಿದ್ದೆ.'

ಹೆತ್ತವಳು ಊರಲ್ಲಿ, ಹೆರೆಯುವವನು ಇಲ್ಲಿ.
ಮೊದಲು ಹಾಲು ಸವರಬೇಕು, ಆಮೇಲೆ ಅರ್ಧಚಂದ್ರದ ಕತ್ತಿ,
ಆಮೇಲೆ ನೊರೆಗಲ್ಲು.
ಮಸಿ ಪುಡಿಪುಡಿಯಾಗಿ ತೊಡೆಯ ಮೇಲೆ ಬಿತ್ತು.
ಏನನ್ನು ಅಳಿಸುತ್ತಿದ್ದೇನೆಂದು ನನಗೆ ತಿಳಿಯದು,
ಕೈ ಮಾತ್ರ ಯಾಕೋ ಒತ್ತಿ ಒತ್ತಿ ಹೆರೆಯಿತು.
ಕರುವಿದ್ದಾಗ ನೊಣ ಕಚ್ಚಿದ ಜಾಗವೊಂದು ತೆಳುವಿತ್ತು;
ಕತ್ತಿ ಆಚೆ ಹೋಯಿತು.
ಹೆದರಿ ತೋರಿಸಿದೆ. ಬೆರಳಿಂದ ತೂತಿನ ಅಂಚು ಸವರಿ
'ಇರಲಿ' ಅಂದರು.

ಅವರನ್ನು ಮಣ್ಣು ಮಾಡಿ ಐದು ಚಳಿಗಾಲ ಕಳೆಯಿತು.
ನಿನ್ನೆ ಹೊಸ ಹುಡುಗ ಆನ್ಸೆಲ್ಮ್ ಆ ಪುಟ ಓದಿ ಹೇಳಿದ.
ಮೇಲೆ ಒಂದೇ ಸಾಲು, ಪ್ರಶ್ನೆ:
ಹೆಪ್ಪುಗಟ್ಟಿದ ನೀರು ನೀರೇ?
ಉತ್ತರ ಬರೆದಿಲ್ಲ. ಎರಡೂ ಪುಟ ಖಾಲಿ.
ಗುರುಗಳು ಖಾಲಿ ಬಿಟ್ಟ ಹಾಳೆ ಅದೊಂದೇ,
ಒಂದು ಕರುವಿನ ಕಾಲು ಭಾಗ.

ಹುಡುಗ ಪುಟವನ್ನು ಕಿಟಕಿಗೆ ಹಿಡಿದ.
'ಅಡಿಯಲ್ಲಿ ಹಳೆಯ ಅಕ್ಷರ ಇನ್ನೂ ಕಾಣುತ್ತವೆ.
ಕೂಸುಗಳಿಗೆ... ಬೆಂಕಿಯಿಲ್ಲ... ನೋವಿಲ್ಲ...
ದೇವರ ಮುಖವೂ...'
ನಿಂತ.
ಮುಖವೂ?
'ಆಮೇಲೆ ತೂತು.'
ಇದೆ ಅಂತಲೋ, ಇಲ್ಲ ಅಂತಲೋ?
ಅವನು ಮತ್ತಷ್ಟು ಹತ್ತಿರ ಹಿಡಿದ.
ಆ ತೂತಿನಿಂದ ಇಳಿದ ಬಿಸಿಲು
ಅವನ ಕೆನ್ನೆಯ ಮೇಲೆ, ಬಟಾಣಿಯಷ್ಟು.

ನನಗೆ ಸುಣ್ಣದ ತೊಟ್ಟಿ ಕಲಕುವ ಹೊತ್ತಾಗಿತ್ತು.