ಸೀಮೆಸುಣ್ಣದ ತೊಟ್ಟಿ

ವಾರ್ಡೊ ದ್ವೀಪದ ಐವಿನ್
ಹಿತ್ತಲ ಹಲಗೆಜಗಲಿಯ ಮೇಲೆ ಸೀಮೆಸುಣ್ಣದಲ್ಲಿ
ಒಂದು ಚೌಕ ಬರೆದಿದ್ದಾನೆ.
ಎರಡು ಮೀಟರ್, ಅಂಚಿಗೆಂದು ಒಂದು ಗೇಣು ಜಾಸ್ತಿ.

"ಇದು ಬಿಸಿನೀರಿನ ತೊಟ್ಟಿ. ಇಲ್ಲಿ ಪಂಪು.
ಇಲ್ಲಿ ನನ್ನ ಸೊಂಟ."
ಮೂವತ್ತು ವರ್ಷ ಮೀನಿನ ಪೆಟ್ಟಿಗೆ ಎತ್ತಿದ ಸೊಂಟ.

ರಗ್ನಾ ಕೈಯಲ್ಲಿ ಅಂಗಡಿಯವನ ಪಟ್ಟಿ:
ಐದು ಸೀಟು, ನಲವತ್ತು ಕಡೆಯಿಂದ ಚಿಮ್ಮುವ ನೀರು,
ನೀಲಿ ದೀಪ ಉಚಿತ.
ಬೆಲೆ ಓದುವಾಗ ದನಿ ಇಳಿಸಿದಳು.
ತುಂಬಿದರೆ ಎರಡು ಟನ್ನು, ಹಲಗೆ ತಡೆದೀತೆ?
ಕರೆಂಟಿಗೆ ಬೇರೆಯೇ ತಂತಿ. ಗೇಟಿನಲ್ಲಿ ನುಗ್ಗದು,
ಮಾಡಿನ ಮೇಲಿಂದ ಕ್ರೇನಿನಲ್ಲೇ ಇಳಿಸಬೇಕು,
ಗಾಳಿ ಬಿಡುವು ಕೊಟ್ಟ ದಿನ. ಅಂಥ ದಿನ
ಈ ಊರಿಗೆ ಬಂದದ್ದು ಯಾವಾಗ?

"ಐದು ಸೀಟು ಯಾರಿಗೆ?"
"ತೊಟ್ಟಿ ಇದ್ದಷ್ಟಲ್ಲವೆ ಕಾಲು ಚಾಚುವುದು!"

ಸರಿ, ನೋಡಿಯೇ ಬಿಡೋಣವೆಂದು
ದಪ್ಪ ಕೋಟು, ಉಣ್ಣೆಟೊಪ್ಪಿ, ಬೂಟು ಸಮೇತ
ಗೆರೆಯೊಳಗೆ ಇಳಿದು ಕೂತರು.
ಇಳಿಯುವಾಗ ಅವಳು, ಇಲ್ಲದ ಅಂಚನ್ನು
ಕಾಲೆತ್ತಿ ದಾಟಿದಳು.

ಬೇಲಿಯಾಚೆಯಿಂದ ಆಸ್ಲೆ ಕೂಗಿದ:
"ನೀರು ಹದವಾಗಿದೆಯೋ?"
"ಒಂಚೂರು ಸುಡುತ್ತೆ" ಅಂದಳು ರಗ್ನಾ.

ಮಧ್ಯಾಹ್ನ ಎರಡಕ್ಕೇ ಕತ್ತಲಾಯಿತು.
ಹಿಮ ಮೊದಲು ಅವನ ಮಂಡಿಯ ಮೇಲೆ,
ಆಮೇಲೆ ಗೆರೆಯ ಮೇಲೆ.
ಕಡಲ ಕಡೆಯ ಮೂಲೆ ಅಳಿಸಿತು.
ಪಂಪು ಹೋಯಿತು.
ಎರಡು ಜೊತೆ ಬೂಟು, ತುದಿಗೆ ತುದಿ ತಾಗಿಸಿಕೊಂಡು
ಇನ್ನೂ ತೊಟ್ಟಿಯಲ್ಲೇ ಇದ್ದವು.

"ಏಳಿನ್ನು" ಎಂದಳು.
ಐವಿನ್ ಕೈಯೂರಿದ, ಮತ್ತೆ ಊರಿದ.
"ಕ್ರೇನಿನವನಿಗೆ ಈಗಲೇ ಫೋನು ಮಾಡು" ಎಂದ,
"ತೊಟ್ಟಿ ನಿಧಾನ ಬರಲಿ."