ನಲವತ್ತೊಂದು

ಪುಣೆಯಿಂದ ಬಂದ ಲಕೋಟೆಯೊಳಗ
ಮೂರು ಸ್ವರಲಿಪಿ. ಒಂದನ್ನ ಆರಿಸ್ರಿ ಅಂದಾರ,
ಹಿಂದ ಅರವತ್ತು ಮಂದಿ ವಾದ್ಯದವರು, ಮುಂದ ನೀವೊಬ್ಬರಽ.

ಹೊಟಗಿ ನಾಕಾದ ಬ್ಯಾಂಡಿನ ಅಂಗಡಿ, ಮಧ್ಯಾಹ್ನ.
ಡ್ರಮ್ಮಿನ ಮ್ಯಾಲೆ ಹಾಳಿ ಹರವೀನಿ.

ಮೊದಲನೇದು ಬರೇ ಏಣಿ,
ಮ್ಯಾಲಿನ ಷಡ್ಜದಾಗ ಮನಿ ಮಾಡೇತಿ.
ಐವತ್ಮೂರರ ತುಟಿ, ಅಲ್ಲಾಡೋ ಮುಂದಿನ ಹಲ್ಲು:
ಏರಬಹುದು, ಇಳಿಯೂದು ದೇವರ ಕೈಯಾಗ.

ಎರಡನೇದು ಓಟ. ರೇವಣಸಿದ್ಧ ನೋಡಿ ನಕ್ಕ,
'ಇದು ನಮ್ಮ ವರಾತನಽ ಅಲ್ಲೇನ್ರೀ, ಮಾಸ್ತರ?'
ಹೌದು. ಅದಕ್ಕಽ ಬ್ಯಾಡ.

ಮೂರನೇದರಾಗ ನನ್ನ ಸಾಲಿನ ನಡುವ
ಒಂದು ದಪ್ಪ ಅಡ್ಡಗೆರಿ, ಮ್ಯಾಲೆ ನಲವತ್ತೊಂದು ಅಂತ ಅಂಕಿ.
ಅಷ್ಟು ಆವರ್ತ ಸುಮ್ಮನ ನಿಂದರಬೇಕು,
ಟ್ರಂಪೆಟ್ ಎದಿಗೆ ಒತ್ತಿ, ಪಿಟೀಲುಗಳ ಮಾತು ಕೇಳಕೋತ.

ಮೂವತ್ತು ವರ್ಷದಾಗ ನಾ ಸುಮ್ಮನಾದವನಲ್ಲ.
ನಿಲ್ಲಿಸಿದರ ಕುದುರಿ ನಿಲ್ಲತಿತ್ತು, ಮದುಮಗ ತಿರುಗಿ ನೋಡತಿದ್ದ,
ಮಾಲಕ ಪಗಾರದಾಗ ಮುರಕೊಳತಿದ್ದ.

ಇದನ್ನಽ ಬರದು ಕಳಿಸೀನಿ.
ಈಗ ರಾತ್ರಿ ದೀಪ ಆರಿಸಿ
ಕುಂತ ಎಣಸತೀನಿ: ಹದಿನೇಳು, ಹದಿನೆಂಟು...
ಒಳಗಿಂದ ಹೆಂಡತಿ ಕೇಳತಾಳ,
'ಊದವಲ್ರಿ, ಏನಾತ್ರಿ?'

ತಪ್ಪಿತು. ಮತ್ತ ಒಂದರಿಂದ.